ನೆರೆಮಣ್ಣಿನ ಕೆಳಗಿನ ಹೊಂಡ

"ಈ ಗೆರೆ ಎಲ್ಲೂ ಕಡಿದಿಲ್ಲ ಮೇಡಂ."

ಧನ್ಯಾ ಕರಣೆಯ ತುದಿಯನ್ನು ಮಣ್ಣಿನ ಗೋಡೆಗೆ ತಾಗಿಸದೆ, ಒಂದು ಬೆರಳಿನ ಅಂತರದಲ್ಲಿ ಹಿಡಿದು ಎಡದಿಂದ ಬಲಕ್ಕೆ ಎಳೆದು ತೋರಿಸಿದಳು. ಅವಳ ಕೈ ನಡುಗುತ್ತಿರಲಿಲ್ಲ. ಅವಳ ಪ್ರಾಧ್ಯಾಪಕಿ ಸ್ಮೃತಿ ಹೆಗಡೆಗೆ ಹೆದರಿಕೆಯಾದದ್ದು ಅದನ್ನು ಕಂಡೇ.

ಎರಡು ದಿನದ ಹಿಂದೆ ಇದೇ ಗೋಡೆಯ ಬುಡದಲ್ಲಿ, ನೀಲಿ ನೈಲಾನ್ ಸೀರೆಯಲ್ಲಿ ಸುತ್ತಿದ್ದ ಎಲುಬುಗಳು ಸಿಕ್ಕಿದ್ದವು. ಆ ಸೀರೆ, ಆರು ವರ್ಷದ ಹಿಂದಿನ ನೆರೆಯಲ್ಲಿ ಕೊಚ್ಚಿಹೋದಳೆಂದು ಊರೆಲ್ಲ ನಂಬಿದ್ದ ತನ್ನ ತಾಯಿ ಮಂಗಲಾಳದು ಎಂದು ಗುರುತಿಸಿದವಳು ಧನ್ಯಾ.

ಮಿರ್ಜಾನದಿಂದ ಎರಡು ಮೈಲಿ ಮೇಲೆ ಅಘನಾಶಿನಿ ಹೊಳೆ ತಿರುಗುವಲ್ಲಿ ಒಂದು ದಿಬ್ಬ. ಒಂದಾನೊಂದು ಕಾಲದಲ್ಲಿ ದೋಣಿ ತಂಗುತ್ತಿದ್ದುದರಿಂದ ಜನ ಅದನ್ನು ಹಳೇ ಧಕ್ಕೆ ಎಂದು ಕರೆಯುತ್ತಾರೆ. ಕಾಲೇಜಿನ ಹನ್ನೊಂದು ಮಕ್ಕಳಿಗೆ ನೆಲದ ಪದರ ಓದುವುದನ್ನು ಕಲಿಸಲು ಸ್ಮೃತಿ ಅಲ್ಲಿ ಹತ್ತಡಿ ಉದ್ದ, ಹತ್ತಡಿ ಅಗಲದ ಒಂದು ಚೌಕ ಅಗೆಸಿದ್ದಳು. ಮೂರು ವಾರದಲ್ಲಿ ಅದು ಆರಡಿ ಇಳಿದಿತ್ತು. ಹುಡುಕಲು ಬಂದದ್ದು ಹಳೆಯ ಹಂಚು, ಮಡಕೆಚೂರು, ಚೀನಾದ ಪಿಂಗಾಣಿ. ಸಿಕ್ಕಿದ್ದು ಇದು.

ಸಬ್ ಇನ್‌ಸ್ಪೆಕ್ಟರ್ ಪ್ರಣಿತಾ ನಾಯ್ಕ ಚೌಕದ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತಿದ್ದಳು. ಏಪ್ರಿಲ್ ತಿಂಗಳ ಬೆಳಗಿನ ಒಂಬತ್ತು ಗಂಟೆ. ಆಗಲೇ ಅವಳ ಖಾಕಿ ಅಂಗಿ ಬೆನ್ನಿಗೆ ಅಂಟಿತ್ತು.

"ಪರೀಕ್ಷೆಗೆ ಬರೆಯೋ ಹಾಗೆ ಬೇಡ ಸ್ಮೃತಿ ಮೇಡಂ. ನಾಳೆ ಕೋರ್ಟಿನಲ್ಲಿ ವಕೀಲ ಕೇಳಿದ್ರೆ ನಾನು ಹೇಳ್ಬೇಕು. ನಂಗೆ ಅರ್ಥ ಆಗೋ ಹಾಗೆ ಹೇಳಿ."

ಸ್ಮೃತಿ ಮಕ್ಕಳ ಕಡೆ ನೋಡಿದಳು. ಧನ್ಯಾಳನ್ನು ಮನೆಗೆ ಕಳಿಸಲು ನಿನ್ನೆಯಿಂದ ಮೂರು ಸಲ ಪ್ರಯತ್ನಿಸಿದ್ದಳು. ಹುಡುಗಿ ಕದಲಿರಲಿಲ್ಲ.

"ನಾನೇ ಹೇಳ್ತೆ," ಎಂದಳು ಧನ್ಯಾ. "ಈ ಗೋಡೆಯ ಚಿತ್ರ ಬರ್ದದ್ದು ನಾನೇ."

ಗ್ರಾಫ್ ಹಾಳೆಯನ್ನು ಹಲಗೆಗೆ ಸಿಕ್ಕಿಸಿ ಅವಳು ಪ್ರಣಿತಾಳ ಮುಂದೆ ಹಿಡಿದಳು. ಆಮೇಲೆ ಗೋಡೆಯ ಹತ್ತಿರ ಹೋದಳು.

"ಮೇಲಿನ ನಾಲ್ಕು ಬೆರಳು ಹುಲ್ಲು, ಬೇರು. ಅದರ ಕೆಳಗೆ ಬೂದಿ ಬಣ್ಣದ ಪಟ್ಟಿ ಕಾಣ್ತದಲ್ಲ, ಒಂದು ಗೇಣು ದಪ್ಪ. ಅದು ನೆರೆಮಣ್ಣು. ಅದರಲ್ಲಿ ಕಲ್ಲಿಲ್ಲ, ಬೇರಿಲ್ಲ. ನೀರು ಇಳಿಯುವಾಗ ಬಿಟ್ಟು ಹೋದ ಮಣ್ಣು. ಅದರ ಕೆಳಗೆ ಕಪ್ಪು ಮಣ್ಣು, ಅದರ ಕೆಳಗೆ ಕೆಂಪು ಜಲ್ಲಿ. ಹಂಚು, ಮಡಕೆ ಎಲ್ಲಾ ಅದಕ್ಕಿಂತ ಕೆಳಗೆ."

"ಕೆಳಗಿದ್ದದ್ದು ಹಳೇದು, ಮೇಲಿದ್ದದ್ದು ಹೊಸದು. ಅಷ್ಟು ನಂಗೂ ಗೊತ್ತು," ಎಂದಳು ಪ್ರಣಿತಾ. "ಆದ್ರೆ ಈ ಬೂದಿ ಪಟ್ಟಿ ಆ ವರ್ಷದ್ದೇ ಹೇಳಿ ಹೆಂಗೆ? ಹೊಳೆ ಪ್ರತಿ ವರ್ಷ ತುಂಬ್ತದೆ."

ಉತ್ತರ ಕೊಟ್ಟವನು ಅನೂಪ. ಸಂತೆಗುಳಿಯ ಕಡೆಯ ಹುಡುಗ, ಧನ್ಯಾಳ ತರಗತಿಯವನು. "ಪ್ರತಿ ವರ್ಷ ಗದ್ದೆ ತನಕ ಬರ್ತದೆ ಮೇಡಂ. ಈ ದಿಬ್ಬ ಹತ್ತಿದ್ದು ಎರಡು ಸಾವಿರದ ಹತ್ತೊಂಬತ್ತರಲ್ಲಿ ಮಾತ್ರ. ಮತ್ತೆ ಪಟ್ಟಿಯ ಬುಡದಲ್ಲಿ ಪ್ಲಾಸ್ಟಿಕ್ಕಿನ ಚಿಪ್ಸ್ ತೊಟ್ಟೆ ಸಿಕ್ತು. ತಯಾರಿಕೆ ಜುಲೈ 2019 ಹೇಳಿ ಅಚ್ಚಾಗಿತ್ತು. ಆ ತೊಟ್ಟೆ ಹುಟ್ಟೂಕೆ ಮೊದಲೇ ಈ ಮಣ್ಣು ಇಲ್ಲಿ ಬಂದು ಕೂರೂಕೆ ಆಗೂದಿಲ್ಲ."

ಪ್ರಣಿತಾ ತಲೆಯಾಡಿಸಿ ಬರೆದುಕೊಂಡಳು. "ಇಷ್ಟೆಲ್ಲ ಕಷ್ಟ ಯಾಕೆ? ಎಲುಬನ್ನೇ ಕಾರ್ಬನ್ ಪರೀಕ್ಷೆಗೆ ಕಳಿಸಿದ್ರೆ ಆಗೂದಿಲ್ವಾ?"

"ಮುನ್ನೂರು ವರ್ಷದ ಇದ್ದಿಲಾದ್ರೆ ಅದು ಹತ್ತಾರು ವರ್ಷ ಆಚೆ ಈಚೆ ಹೇಳ್ತದೆ," ಎಂದಳು ಸ್ಮೃತಿ. "ಇಷ್ಟು ಹೊಸ ಎಲುಬಾದ್ರೆ ಒಂದೆರಡು ವರ್ಷ ಆಚೆ ಈಚೆ. ನಿಮಗೆ ಬೇಕಾದದ್ದು ಅದಲ್ಲ. ನೆರೆಗೆ ಮೊದಲೋ, ನೆರೆ ಆದ್ಮೇಲೋ? ಅದನ್ನ ಎಲುಬು ಹೇಳೂದಿಲ್ಲ. ಈ ಗೋಡೆ ಹೇಳ್ತದೆ."

ಧನ್ಯಾ ಮಂಡಿಯೂರಿ ಕುಳಿತಳು. ಗೋಡೆಯ ಕೆಳಭಾಗದಲ್ಲಿ ಎರಡು ನೇರ ಅಂಚುಗಳ ನಡುವೆ ಮಣ್ಣಿನ ಬಣ್ಣವೇ ಬೇರೆಯಾಗಿತ್ತು. ಕಪ್ಪು, ಕೆಂಪು, ಜಲ್ಲಿ, ಎಲ್ಲ ಕಲಸಿಹೋಗಿತ್ತು.

"ಇದು ಹೊಂಡ. ಯಾರೋ ಅಗೆದು, ಅದೇ ಮಣ್ಣನ್ನ ವಾಪಸ್ ತುಂಬಿದ್ದು. ಅದಕ್ಕೇ ಕಲಸಿದೆ. ಹೊಂಡದ ಬಾಯಿ ಎಲ್ಲಿ ಶುರುವಾಗ್ತದೆ ನೋಡಿ. ಕಪ್ಪು ಮಣ್ಣಿನ ತಲೆಯಿಂದ. ಬೂದಿ ಪಟ್ಟಿ ಅದರ ಮೇಲೆ ಹಾಸಿಕೊಂಡು ಹೋಗಿದೆ. ನೆರೆ ಆದ್ಮೇಲೆ ಅಗೆದಿದ್ರೆ ಆ ಪಟ್ಟಿ ಇಲ್ಲಿ ಕಡೀಬೇಕಿತ್ತು."

"ಮತ್ತೆ ಮೊದಲು ಅಂದ್ರೆ ಎಷ್ಟು ಮೊದಲು?"

"ಹೊಂಡದ ಒಳಗಿನ ಮಣ್ಣಿನಲ್ಲಿ ಮಾತ್ರೆಯ ಹಾಳೆ ಸಿಕ್ಕಿದೆ. ಫೆಬ್ರವರಿ 2019ರಲ್ಲಿ ತಯಾರಾದದ್ದು. ಹಾಗಾಗಿ ಫೆಬ್ರವರಿಗಿಂತ ಮೊದಲಲ್ಲ. ಆಗಸ್ಟ್ ಏಳರ ನೆರೆಗಿಂತ ಆಮೇಲೂ ಅಲ್ಲ."

ಅಲ್ಲಿಗೆ ಅವಳು ನಿಲ್ಲಿಸಿದಳು. ಹೊಳೆಯ ಆಚೆ ದಡದಲ್ಲಿ ಯಾರೋ ಮರಳಿನ ಮೇಲೆ ದೋಣಿ ಎಳೆಯುತ್ತಿದ್ದ ಸದ್ದು ಕೇಳಿತು.

"ಅಮ್ಮನ್ನ ಹೊಳೆ ತಕಂಡು ಹೋಗ್ಲಿಲ್ಲ," ಎಂದಳು ಧನ್ಯಾ. "ಹೊಳೆ ಬರೂಕೆ ಮೊದಲೇ ಅಮ್ಮ ಇಲ್ಲಿ ಇತ್ತು."

ಸ್ಮೃತಿ ಕೈಚಾಚಿದಳು. ಧನ್ಯಾ ಕರಣೆಯನ್ನು ಅವಳ ಕೈಗೆ ಕೊಟ್ಟು, ಏಣಿ ಹತ್ತಿ ಮೇಲೆ ಬಂದಳು.

*

ಪ್ರಣಿತಾಳ ಜೀಪಿನಲ್ಲಿ ಒಂದು ಹಳೆಯ ಕಡತವಿತ್ತು. ಅದರಲ್ಲಿ ಎರಡೇ ಹೇಳಿಕೆಗಳು.

ಮೊದಲನೆಯದು ಮಂಗಲಾಳ ಗಂಡ, ಧನ್ಯಾಳ ಅಪ್ಪ ನಿತ್ಯಾನಂದನದು. ಆಗಸ್ಟ್ ಏಳರ ಬುಧವಾರ ಬೆಳಿಗ್ಗೆ ನೀರು ಏರುತ್ತಿದ್ದಾಗ ಹೆಂಡತಿ ಹಸು ಬಿಚ್ಚಲು ದಿಬ್ಬದ ಕಡೆ ಹೋದಳು, ವಾಪಸ್ ಬರಲಿಲ್ಲ.

ಎರಡನೆಯದು ಬೀರನದು. ಅವನು ದೋಣಿಯವನು, ಒಂಟಿ ಮನುಷ್ಯ, ದಿಬ್ಬದ ಹಿಂಬದಿಯಲ್ಲೇ ಅವನ ಮನೆ. 'ಮಂಗಲಾ ನೀರಿನಲ್ಲಿ ಹೋಗುವುದನ್ನು ನಾನು ಕಣ್ಣಾರೆ ಕಂಡೆ. ದೋಣಿ ಬಿಡುವ ಹಾಗಿರಲಿಲ್ಲ.' ಕೆಳಗೆ ಹೆಬ್ಬೆಟ್ಟು.

"ಇಬ್ಬರಲ್ಲಿ ಒಬ್ಬ ಸುಳ್ಳು ಹೇಳಿದ್ದಾನೆ," ಎಂದಳು ಪ್ರಣಿತಾ. "ಅಥವಾ ಇಬ್ಬರೂ."

"ಬೀರ ನಮ್ಮ ಚೌಕದ ಕಾವಲಿಗೆ ಇದ್ದವ," ಎಂದಳು ಸ್ಮೃತಿ. "ಎಲುಬು ಸಿಕ್ಕಿದ ದಿನದಿಂದ ಬಂದಿಲ್ಲ."

ಪ್ರಣಿತಾ ಕಡತ ಮುಚ್ಚಿದಳು. "ಮೊದಲು ಗಂಡ."

ಕಾನ್‌ಸ್ಟೇಬಲ್ ಹರೀಶ ಹನ್ನೊಂದು ಗಂಟೆಯ ಹೊತ್ತಿಗೆ ನಿತ್ಯಾನಂದನನ್ನು ಕೆಲಸದ ಜಾಗದಿಂದಲೇ ಕರೆತಂದ. ನಿತ್ಯಾನಂದ ಗಾರೆ ಕೆಲಸದವನು. ಚಿರೆಕಲ್ಲಿನ ಕೆಂಪು ಧೂಳು ಅವನ ಮೊಣಕಾಲಿನ ತನಕ ಹತ್ತಿತ್ತು. ಎರಡು ದಿನದಲ್ಲಿ ಗಡ್ಡ ಬೆಳೆದು ಮುಖ ಸಣ್ಣದಾಗಿತ್ತು. ಮಗಳನ್ನು ಕಂಡವನೇ ಅವಳ ಹತ್ತಿರ ಹೋಗಲು ಒಂದು ಹೆಜ್ಜೆ ಇಟ್ಟ. ಧನ್ಯಾ ಹಿಂದೆ ಸರಿದಳು.

ಸ್ಮೃತಿ ಉಳಿದ ಮಕ್ಕಳನ್ನು ಗೇರುಮರದ ನೆರಳಿಗೆ ಕಳಿಸಿದಳು. ಅನೂಪನಿಗೆ ಮಾತ್ರ, ಪಂಪಿನಿಂದ ಪೂರ್ವದ ಗೋಡೆಗೆ ನೀರು ಹೊಡೆ, ಎಂದಳು. ಸಾಯಂಕಾಲದೊಳಗೆ ನಾಲ್ಕೂ ಗೋಡೆಗಳ ಫೋಟೋ ಬೇಕೆಂದು ಪೊಲೀಸರು ಕೇಳಿದ್ದರು. ಮಣ್ಣು ಹಸಿಯಾದರೆ ಬಣ್ಣ ಎದ್ದು ಕಾಣುತ್ತದೆ.

"ಕೆಳಗೆ ಇಳೀರಿ ನಿತ್ಯಾನಂದ," ಎಂದಳು ಪ್ರಣಿತಾ.

"ಯಾಕೆ ಮೇಡಂ? ನಾನು ನಿನ್ನೆಯೇ ಹೇಳಿದ್ದೆ. ನೆರೆ ತಕಂಡು ಹೋತು. ನೆರೆಯೇ ತಂದು ಇಲ್ಲಿ ಹಾಕ್ತು. ಮೇಲಿಂದ ಮಣ್ಣು ಬಂದು ಕೂತ್ಕಂಡಿತು. ಇದರಲ್ಲಿ ಎಂತ ಕೇಳೂದು ಅದೆ?"

"ಇಳೀರಿ. ನೀವು ಎಷ್ಟು ವರ್ಷದಿಂದ ಪಾಯ ತೆಗೀತಾ ಇದ್ದೀರಿ?"

"ಇಪ್ಪತ್ತೈದು."

"ಹಾಗಾದ್ರೆ ನಿಮಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಾಗ್ತದೆ. ಆ ಗೋಡೆ ನೋಡಿ ಹೇಳಿ. ಅದು ನೀರು ತೋಡಿದ ಹೊಂಡವೋ, ಮನುಷ್ಯ ತೋಡಿದ್ದೋ?"

ನಿತ್ಯಾನಂದ ಏಣಿ ಇಳಿದ. ಗೋಡೆಯ ಮುಂದೆ ನಿಂತ. ಮೊದಲು ಅವನು ನೋಡಲೇ ಇಲ್ಲ, ಕಾಲಿನ ಬುಡವನ್ನೇ ನೋಡುತ್ತಿದ್ದ. ಆಮೇಲೆ ತಲೆಯೆತ್ತಿದ. ಅವನ ಕಣ್ಣು ತಾನಾಗಿ ನೇರ ಅಂಚಿನ ಮೇಲೆ ಓಡಿತು. ಅಲ್ಲಿ ಮೂರು ಕಡೆ ಹಾರೆಯ ಬಾಯಿ ಬಿದ್ದ ಗುರುತು, ನಿನ್ನೆ ಮೊನ್ನೆ ಬಿದ್ದಷ್ಟು ಸ್ಪಷ್ಟವಾಗಿತ್ತು.

ಅವನು ಕೈಯೆತ್ತಿ ಬೂದಿ ಪಟ್ಟಿಯ ಕೆಳಗೆ ಹೆಬ್ಬೆರಳು ಒತ್ತಿದ. ಕಲಸಿದ ಮಣ್ಣು ಉದುರಿತು. ಪಟ್ಟಿ ಉದುರಲಿಲ್ಲ.

"ಹಾರೆ," ಎಂದ ಅವನು.

"ಮತ್ತೆ ನೆರೆಮಣ್ಣು ಎಲ್ಲಿದೆ?"

"ಮೇಲೆ."

"ಅಂದ್ರೆ?"

ನಿತ್ಯಾನಂದ ಬೆರಳಿಗೆ ಹತ್ತಿದ ಮಣ್ಣನ್ನು ಅಂಗಿಗೆ ಒರೆಸಿಕೊಂಡ.

"ಅಂದ್ರೆ ಬುಧವಾರ ನೀರು ಬರುವಾಗ ಇದು ಮುಚ್ಚಿ ಆಗಿತ್ತು," ಎಂದಳು ಪ್ರಣಿತಾ. "ಬುಧವಾರ ಬೆಳಿಗ್ಗೆ ನಿಮ್ಮ ಹೆಂಡತಿ ಹಸು ಬಿಚ್ಚೂಕೆ ಹೋಗ್ಲಿಲ್ಲ. ನೀವು ಠಾಣೆಯಲ್ಲಿ ಬರೆಸಿದ್ದು ಸುಳ್ಳು. ಯಾಕೆ ಕೊಂದ್ರಿ?"

"ನಾನು ಕೊಂದಿಲ್ಲ."

"ಸುಳ್ಳು ಹೇಳಿದ್ದು ಹೌದೋ ಅಲ್ವೋ?"

ನಿತ್ಯಾನಂದ ಮಗಳನ್ನು ನೋಡಿದ. ಅವಳು ಅಂಚಿನಲ್ಲಿ ನಿಂತಿದ್ದಳು, ಬಿಸಿಲು ಬೆನ್ನಿಗಿತ್ತು. ಅವಳ ಮುಖ ಅವನಿಗೆ ಕಾಣುತ್ತಿರಲಿಲ್ಲ.

"ಮಗಳನ್ನ ಆಚೆ ಕಳಿಸಿ ಮೇಡಂ. ಇದರ ಎದುರಿಗೆ ಹೇಳೂಕೆ ಆಗೂದಿಲ್ಲ."

"ನಾನು ಹೋಗೂದಿಲ್ಲ," ಎಂದಳು ಧನ್ಯಾ. "ಆರು ವರ್ಷ ನನ್ನ ಕೈಲೇ ಹೊಳೆಗೆ ಎಡೆ ಬಿಡಿಸಿದೆ ಅಪ್ಪ. ಇಲ್ಲೇ ಹೇಳು."

ನಿತ್ಯಾನಂದ ಕುಸಿದು ಕುಳಿತ. ಚೌಕದ ತಳದ ಕೆಂಪು ಜಲ್ಲಿಯ ಮೇಲೆ ಕುಳಿತು, ಎರಡೂ ಕೈಗಳನ್ನು ಮೊಣಕಾಲಿನ ನಡುವೆ ಸೇರಿಸಿಕೊಂಡ.

"ನಾನಾಗ ಹೊನ್ನಾವರದಲ್ಲಿದ್ದೆ. ಒಂದು ಮನೆಯ ಕೆಲಸ. ವಾರಗಟ್ಟಲೆ ಅಲ್ಲೇ ಮಲಗೂದು. ಶನಿವಾರ ಸಂಜೆ ಬಂದೆ. ಮನೆ ಬಾಗಿಲು ತೆಗೆದಿತ್ತು. ಇದು ಶಾಲೆಯಿಂದ ಬಂದು ಜಗಲಿಯಲ್ಲಿ ಕೂತ್ಕಂಡಿತ್ತು. ಅಮ್ಮ ಎಲ್ಲಿ ಕೇಳ್ದೆ. ಗೊತ್ತಿಲ್ಲ ಹೇಳ್ತು."

"ಹಸುವಿಗೆ ಹುಲ್ಲು ತರೂಕೆ ಹೋಗಿದೆ ಹೇಳಿ ನೀನೇ ಹೇಳಿದ್ದೆ," ಎಂದಳು ಧನ್ಯಾ. "ಆಮೇಲೆ ನನ್ನ ಅತ್ತೆ ಮನೆಗೆ ಬಿಟ್ಟು ಬಂದೆ. ನೆರೆ ಆದ್ಮೇಲೆ ನೀನು ಅಳ್ತಾ ಬಂದೆ."

"ಹಿಂದಿನ ಕೋಣೆಯಲ್ಲಿ ತಮ್ಮ ಇರ್ತಿದ್ದ. ಶ್ರೀಧರ. ಅಂವನೂ ಇಲ್ಲ." ನಿತ್ಯಾನಂದನ ದನಿ ಇಳಿಯಿತು. "ಹುಡುಕ್ತಾ ಹೊಳೆ ಹತ್ರ ಬಂದೆ. ಬೀರ ಸಿಕ್ಕಿದ. ಅಂವ ಹೇಳ್ದ, ಮಧ್ಯಾಹ್ನ ಇಬ್ಬರನ್ನೂ ನಾನೇ ಆಚೆ ದಡಕ್ಕೆ ದಾಟಿಸಿದೆ. ಕೈಯಲ್ಲಿ ಚೀಲ ಇತ್ತು. ನಿತ್ಯಾನಂದನಿಗೆ ಹೇಳಬೇಡ ಅಂದ್ರು, ಆದ್ರೆ ನಿನ್ನ ಹತ್ರ ಮುಚ್ಚಿಡೂಕೆ ಮನಸ್ಸು ಬರಲಿಲ್ಲ ಹೇಳಿ."

ಪ್ರಣಿತಾ ಬರೆಯುವುದನ್ನು ನಿಲ್ಲಿಸಿದಳು. "ಹೆಂಡತಿ ನಿಮ್ಮ ತಮ್ಮನ ಜೊತೆ ಓಡಿಹೋದಳು ಅಂತ ನೀವು ನಂಬಿದ್ರಿ."

"ನಂಬದೆ ಎಂತ ಮಾಡೂದು? ಇಬ್ಬರೂ ಇರಲಿಲ್ಲ. ಮೂರು ದಿನ ಯಾರಿಗೂ ಹೇಳಲಿಲ್ಲ. ನಾಲ್ಕನೇ ದಿನ ಹೊಳೆ ಬಂತು. ಊರೆಲ್ಲ ನೀರು. ಬೀರನೇ ಹೇಳ್ದ, ನೆರೆ ತಕಂಡು ಹೋತು ಹೇಳಿ ಬರೆಸಿಬಿಡು, ನಾನು ಸಾಕ್ಷಿ ಹಾಕ್ತೆ. ಮಗಳು ದೊಡ್ಡದಾಗ್ತಾ ಅದೆ. ತಾಯಿ ಓಡಿಹೋದ ಹುಡುಗಿ ಅಂತ ಜನ ಆಡಿಕೊಳ್ಳೂದು ಬೇಡ. ಹೊಳೆಗೆ ಹೋದ್ರೆ ಯಾರೂ ಎಂತದೂ ಹೇಳೂದಿಲ್ಲ." ಅವನು ಅಂಗೈಯಿಂದ ಮೂಗು ಒರೆಸಿಕೊಂಡ. "ತಮ್ಮ ರತ್ನಾಗಿರಿಗೆ ಮೀನು ಬೋಟಿನ ಕೆಲಸಕ್ಕೆ ಹೋದ ಅಂದೆ. ಯಾರೂ ಕೇಳಲಿಲ್ಲ."

"ಈಗ ಹೆಂಡತಿಯ ಸೀರೆ ಇಲ್ಲಿ ಸಿಕ್ಕಿದೆ."

"ಮೊನ್ನೆಯಿಂದ ಅದನ್ನೇ ಯೋಚನೆ ಮಾಡ್ತಾ ಇದ್ದೆ. ಶ್ರೀಧರನೇ ಕೊಂದು ಓಡಿಹೋದನಾ ಹೇಳಿ. ಬೀರ ಹಾಗಾದ್ರೆ ಯಾರನ್ನ ದಾಟಿಸಿದ?"

ಧನ್ಯಾ ಅಂಚಿನಿಂದ ಇಳಿದು ಬಂದಳು. ಅಪ್ಪನ ಮುಂದೆ ನಿಂತಳು. ಹೊಡೆಯುತ್ತಾಳೆಂದು ಸ್ಮೃತಿಗೆ ಅನಿಸಿತು. ಅವಳು ಹೊಡೆಯಲಿಲ್ಲ.

"ಅಮ್ಮ ನನ್ನ ಬಿಟ್ಟು ಓಡಿಹೋಗ್ತದೆ ಹೇಳಿ ನೀನು ನಂಬಿದೆ," ಎಂದಳು. "ಒಂದೇ ಮಾತಿಗೆ. ಅದೂ ಬೀರನ ಮಾತಿಗೆ."

ನಿತ್ಯಾನಂದ ಮುಖವನ್ನು ಮೊಣಕಾಲಿಗೆ ಒತ್ತಿಕೊಂಡ.

*

ಪ್ರಣಿತಾಳ ಫೋನ್ ಬಡಿದುಕೊಂಡಿತು. ಕಾರವಾರದಲ್ಲಿ ಎಲುಬುಗಳನ್ನು ಪರೀಕ್ಷಿಸುತ್ತಿದ್ದ ವೈದ್ಯರು.

ಅವಳು ಕೇಳುತ್ತಾ ಎರಡು ಹೆಜ್ಜೆ ಆಚೆ ಹೋದಳು. "ಖಾತ್ರಿಯಾ ಡಾಕ್ಟ್ರೇ?" ಎಂದಳು. ಮತ್ತೆ, "ಯಾವ ಕಾಲು?" ಎಂದಳು. ಫೋನ್ ಕಿಸೆಗೆ ಹಾಕಿ ವಾಪಸ್ ಬಂದಾಗ ಅವಳ ಮುಖ ಬೇರೆಯಾಗಿತ್ತು.

"ನಿತ್ಯಾನಂದ, ನಿಮ್ಮ ತಮ್ಮನ ಕಾಲಿಗೆ ಎಂತಾದ್ರೂ ಆಗಿತ್ತಾ?"

"ಗೋಕರ್ಣದ ತಿರುವಿನಲ್ಲಿ ಬೈಕಿಂದ ಬಿದ್ದಿದ್ದ. ಬಲಗಾಲು. ಆ ವರ್ಷ ಬೇಸಿಗೆಯಲ್ಲಿ. ಒಳಗೆ ರಾಡ್ ಹಾಕಿದ್ರು. ನೋವಿನ ಮಾತ್ರೆ ತಿಂತಾ ಮನೆಯಲ್ಲೇ ಬಿದ್ಕಂಡಿರ್ತಿದ್ದ." ಹೇಳುತ್ತಾ ಹೇಳುತ್ತಾ ಅವನ ದನಿ ನಿಧಾನವಾಯಿತು. "ಯಾಕೆ?"

"ಎಕ್ಸ್‌ರೇ ತೆಗೆದಿದ್ದಾರೆ. ಬಲಗಾಲಿನ ಎಲುಬಿನ ಒಳಗೆ ಸ್ಟೀಲ್ ರಾಡ್ ಇದೆ. ಸೊಂಟದ ಎಲುಬೂ ಹೆಂಗಸಿನದ್ದಲ್ಲ. ಮೂವತ್ತರ ಆಸುಪಾಸಿನ ಗಂಡಸು. ತಲೆಯ ಹಿಂದೆ ಪೆಟ್ಟು."

ನಿತ್ಯಾನಂದ ಗೋಡೆಯ ಬುಡದ ಖಾಲಿ ಹೊಂಡದ ಕಡೆ ತೆವಳಿ ಹೋಗಿ, ಅದರ ಅಂಚಿಗೆ ಎರಡೂ ಕೈ ಊರಿದ.

"ಶ್ರೀಧರಾ," ಎಂದ. "ಆರು ವರ್ಷ ನಿನಗೆ ಶಾಪ ಹಾಕಿದ್ನಲ್ಲಾ."

ಪ್ರಣಿತಾ ಅವನನ್ನು ಬಿಡಲಿಲ್ಲ. ಏಣಿ ಇಳಿದು, ಅವನ ಭುಜ ಹಿಡಿದು ತನ್ನ ಕಡೆ ತಿರುಗಿಸಿದಳು.

"ತಮ್ಮನ ಮೇಲೆ ಸಂಶಯ ಇದ್ದವ ನೀವು. ಶನಿವಾರವೇ ಊರಿಗೆ ಬಂದವ ನೀವು. ಹಾರೆ ಹಿಡಿಯೂಕೆ ಬರೂದೂ ನಿಮಗೇ. ನಾನು ಎಂತ ಅಂದ್ಕೊಳ್ಳಲಿ?"

"ಅಂದ್ಕೊಳ್ಳಿ. ಬೇಕಾದ್ರೆ ಈಗಲೇ ತಕಂಡು ಹೋಗಿ. ಆದ್ರೆ ಬೀರನನ್ನ ಕೇಳಿ ಮೇಡಂ. ಇಬ್ಬರನ್ನ ದಾಟಿಸಿದೆ ಹೇಳ್ದ. ಒಬ್ಬ ಇಲ್ಲೇ ಮಣ್ಣಲ್ಲಿದ್ದ. ಅಂವ ಯಾಕೆ ಹಾಗೆ ಹೇಳ್ದ?"

ಪ್ರಣಿತಾ ಹರೀಶನಿಗೆ ಕೈಸನ್ನೆ ಮಾಡಿದಳು. ಅವನು ದಿಬ್ಬದ ಹಿಂಬದಿಗೆ ಓಡಿದ.

ಧನ್ಯಾ ಸ್ಮೃತಿಯ ತೋಳು ಹಿಡಿದಿದ್ದಳು. "ಮೇಡಂ, ಹಾಗಾದ್ರೆ ಅಮ್ಮ? ಅಮ್ಮ ಇಲ್ಲಿ ಇಲ್ಲ ಅಲ್ವಾ? ಅಮ್ಮ ಎಲ್ಲೋ ಅದೆ ಅಲ್ವಾ?"

ಸ್ಮೃತಿ ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಒಂದೇ ಮಾತು ಹೇಳುತ್ತಾ ಬಂದಿದ್ದಳು. ಗೋಡೆ ಹೇಳಿದಷ್ಟನ್ನೇ ಹೇಳಿ, ನಿಮಗೆ ಬೇಕಾದದ್ದನ್ನು ಅದರ ಬಾಯಿಗೆ ತುರುಕಬೇಡಿ. ಇವತ್ತು ಆ ಮಾತು ಅವಳ ನಾಲಿಗೆಗೆ ಬರಲಿಲ್ಲ. ಹುಡುಗಿಯ ಬೆನ್ನು ಸವರಿದಳು, ಅಷ್ಟೆ.

"ಮೇಡಂ," ಎಂದು ಅನೂಪ ಕರೆದ. "ಸ್ವಲ್ಪ ಇಲ್ಲಿ ಬನ್ನಿ."

ಅವನು ಪಂಪು ಕೆಳಗಿಟ್ಟು ಪೂರ್ವದ ಗೋಡೆಯ ಮುಂದೆ ನಿಂತಿದ್ದ. ಹೊರಗೆ ಆ ಗೋಡೆಯ ಮೇಲ್ಭಾಗದಲ್ಲೇ ಅಗೆದ ಮಣ್ಣಿನ ರಾಶಿ ಇತ್ತು. ಬೆಳಿಗ್ಗೆ ಗೋಡೆಯನ್ನು ನೇರ ಮಾಡಲು ಮಕ್ಕಳು ನಾಲ್ಕು ಬೆರಳಿನಷ್ಟು ಹೆಚ್ಚು ಕೆರೆದಿದ್ದರು. ಈಗ ನೀರು ಕುಡಿದ ಮಣ್ಣು ತನ್ನ ಬಣ್ಣಗಳನ್ನು ಒಂದೊಂದಾಗಿ ಬಿಟ್ಟುಕೊಡುತ್ತಿತ್ತು.

ಬೂದಿ ಪಟ್ಟಿ ಎಡಗಡೆಯಿಂದ ನೇರವಾಗಿ ಬಂತು. ಗೋಡೆಯ ನಡುವೆ ಬಂದು ನಿಂತಿತು. ಎರಡೂವರೆ ಅಡಿ ಏನೂ ಇಲ್ಲ. ಮತ್ತೆ ಆಚೆ ಅದೇ ಎತ್ತರದಲ್ಲಿ ಶುರುವಾಯಿತು.

ಆ ಎರಡೂವರೆ ಅಡಿಯಲ್ಲಿ ಕಪ್ಪು, ಕೆಂಪು, ಬೂದಿ, ಎಲ್ಲ ಮಣ್ಣೂ ಕಲಸಿತ್ತು.

ಸ್ಮೃತಿ ಹತ್ತಿರ ಹೋದಳು. ಪ್ರಣಿತಾ ಅವಳ ಹಿಂದೆಯೇ ಬಂದು ನಿಂತಳು.

"ಇದು ಎಂತ?"

"ಇನ್ನೊಂದು ಹೊಂಡ," ಎಂದಳು ಸ್ಮೃತಿ. "ಹೆಚ್ಚಿನದು ಗೋಡೆಯ ಆಚೆ, ರಾಶಿಯ ಕೆಳಗಿದೆ. ನಮ್ಮ ಚೌಕ ಅದರ ಅಂಚನ್ನ ಮಾತ್ರ ಮುಟ್ಟಿದೆ." ಅವಳಿಗೆ ಮೊದಲ ದಿನ ನೆನಪಾಯಿತು. ತೆಗೆದ ಮಣ್ಣನ್ನು ಎಲ್ಲಿ ಹಾಕುವುದೆಂದು ಕೇಳಿದಾಗ, ಇಲ್ಲೇ ಸುರೀರಿ, ಎಂದು ಜಾಗ ತೋರಿಸಿದವನು ಬೀರ. ಅದನ್ನು ಅವಳು ಪ್ರಣಿತಾಳಿಗೆ ಹೇಳಿದಳು.

ಹೊಂಡದ ಕೆಳಭಾಗದಲ್ಲಿ, ಗೋಡೆಯಿಂದ ಎರಡು ಬೆರಳು ಹೊರಗೆ, ಹಳದಿ ಬಟ್ಟೆಯ ಒಂದು ಮಡಿಕೆ ಕಾಣುತ್ತಿತ್ತು. ಅನೂಪ ಅದರ ಕಡೆ ಕೈ ಚಾಚಿದ.

"ಮುಟ್ಟಬೇಡ," ಎಂದಳು ಪ್ರಣಿತಾ. "ತಹಶೀಲ್ದಾರರು ಬರುವ ತನಕ ಯಾರೂ ಮುಟ್ಟಬಾರದು." ಅವಳು ಸ್ಮೃತಿಯ ಕಡೆ ತಿರುಗಿದಳು. "ಇಲ್ಲಿ ನೆರೆಮಣ್ಣು ಕಡಿದಿದೆ. ಅಂದ್ರೆ ನೆರೆ ಆದ್ಮೇಲೆ ಅಗೆದದ್ದು. ಎಷ್ಟು ಆದ್ಮೇಲೆ? ಒಂದು ವಾರವೋ, ಒಂದು ವರ್ಷವೋ?"

ಸ್ಮೃತಿಗೆ ಉತ್ತರ ಕಂಡಿತ್ತು. ಹುಡುಗಿಯ ಎದುರಿಗೆ ಹೇಳಲು ಮನಸ್ಸಿರಲಿಲ್ಲ.

ಆದರೆ ಧನ್ಯಾಳಿಗೂ ಕಂಡಿತ್ತು. ಅವಳು ಮುಂದೆ ಬಂದು ಗೋಡೆಯ ತಲೆಯ ಭಾಗವನ್ನು ನೋಡುತ್ತಾ ನಿಂತಳು. ಎಡಕ್ಕೂ ಬಲಕ್ಕೂ ಹುಲ್ಲಿನ ಬೇರು ಚಾಪೆಯ ಹಾಗೆ ನೇಯ್ದುಕೊಂಡಿತ್ತು. ನಡುವಿನ ಎರಡೂವರೆ ಅಡಿಯ ಮಣ್ಣು ಬೋಳಾಗಿತ್ತು. ಅದರಲ್ಲಿ ಒಂದು ಎಳೆ ಬೇರೂ ಇಳಿದಿರಲಿಲ್ಲ.

"ಬೇರೂ ಕಡಿದಿದೆ," ಎಂದಳು ಅವಳು. "ಕಡಿದ ಮೇಲೆ ಮತ್ತೆ ಹುಟ್ಟಿಲ್ಲ. ಒಂದು ಮಳೆಗಾಲ ಕಂಡಿದ್ರೂ ಹುಲ್ಲು ಬರ್ತಿತ್ತು. ಈ ಹೊಂಡ ಮಳೆ ಕಂಡಿಲ್ಲ ಮೇಡಂ. ಹೋದ ಮಳೆಗಾಲ ಮುಗಿದ ಮೇಲೆ ಅಗೆದದ್ದು. ನಾವು ಮಾರ್ಚಿನಲ್ಲಿ ಇಲ್ಲಿ ಬರುವ ಮೊದಲು."

"ನಾಲ್ಕೈದು ತಿಂಗಳ ಹಿಂದೆ?" ಪ್ರಣಿತಾಳ ದನಿ ಚೂಪಾಯಿತು. "ಆಗೂದಿಲ್ಲ. ನಾನು ಇಲ್ಲಿಗೆ ಬಂದು ಒಂದೂವರೆ ವರ್ಷ ಆತು. ಈ ಸುತ್ತಿನಲ್ಲಿ ಕಾಣೆಯಾದವರ ಬಗ್ಗೆ ಒಂದೇ ಒಂದು ದೂರು ಬಂದಿಲ್ಲ. ಗಂಡಸು, ಹೆಂಗಸು, ಮುದುಕರು, ಯಾರೂ ಇಲ್ಲ."

ಹರೀಶ ಓಡುತ್ತಾ ಬಂದ. ಏದುಸಿರು ಬಿಡುತ್ತಾ ಚೌಕದ ಅಂಚಿನಲ್ಲಿ ಬಗ್ಗಿ ನಿಂತ.

"ಬೀರ ಇಲ್ಲ ಮೇಡಂ. ದೋಣಿಯೂ ಇಲ್ಲ. ಮನೆಗೆ ಬೀಗ. ಕಿಟಕಿಯಿಂದ ನೋಡ್ದೆ." ಅವನು ಹಣೆಯ ಬೆವರು ಒರೆಸಿದ. "ಒಳಗಿನ ಕೋಣೆಗೆ ಹೊರಗಿಂದ ಚಿಲಕ ಅದೆ. ಒಂದಲ್ಲ, ಮೂರು. ಆ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಹಗ್ಗದ ಮೇಲೆ ಹೆಂಗಸರ ಬಟ್ಟೆ ಒಣಗಿಸಿದ್ದು ಧೂಳು ಹಿಡಿದು ಹಾಗೇ ಅದೆ. ಅಂವ ಒಂಟಿ ಅಲ್ವಾ ಮೇಡಂ?"

ನಿತ್ಯಾನಂದ ಎದ್ದು ಏಣಿ ಹತ್ತಿ ಮೇಲೆ ಬಂದು ನಿಂತ. ದಿಬ್ಬದ ಮೇಲಿನಿಂದ ಬೀರನ ಮನೆಯ ಹಂಚು ಕಾಣುತ್ತದೆ. ಅವನ ಸ್ವಂತ ಮನೆಯ ಅಂಗಳವೂ ಕಾಣುತ್ತದೆ. ಎರಡರ ನಡುವೆ ಒಂದು ಗದ್ದೆ, ಒಂದು ಬೇಲಿ. ಕೂಗಿದರೆ ಕೇಳುವಷ್ಟು ದೂರ.

"ಯಾರಾದ್ರೂ ಕಾಣೆಯಾಗಿರಲೇಬೇಕು," ಎಂದಳು ಪ್ರಣಿತಾ, ತನಗೆ ತಾನೇ ಎಂಬಂತೆ. "ಕಾಣೆಯಾದ್ರೆ ಯಾರಾದ್ರೂ ದೂರು ಕೊಡ್ಬೇಕು."

ಧನ್ಯಾ ಹಳದಿ ಬಟ್ಟೆಯ ಮಡಿಕೆಯಿಂದ ಕಣ್ಣು ಕೀಳಲಿಲ್ಲ.

"ನೆರೆಯಲ್ಲಿ ಸತ್ತವರ ಪಟ್ಟಿಯಲ್ಲಿ ಮೊದಲೇ ಹೆಸರಿದ್ದವರು ಕಾಣೆಯಾದ್ರೆ," ಎಂದಳು, "ಯಾರು ದೂರು ಕೊಡ್ತಾರೆ ಮೇಡಂ?"